ಬೇರು ಕೊಡುವ ಕೂಲಿ

ಬಿತ್ತಿ ನಲವತ್ತು ದಿನ ದಾಟಿದ ಕಡಲೆಕಾಯಿ ಗಿಡವೊಂದನ್ನು ಎಳೆದು ಕೀಳದೆ, ಸುತ್ತಲಿನ ಮಣ್ಣಿನ ಸಮೇತ ಎಬ್ಬಿಸಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ಜಾಲಾಡಿದರೆ ಬೇರಿನ ಉದ್ದಕ್ಕೂ ಸಾಸಿವೆ ಕಾಳಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಛಾಯೆ ಇದ್ದರೆ ಗಂಟು ಕೆಲಸದಲ್ಲಿದೆ. ಬೆಳ್ಳಗಿದ್ದರೆ ಇನ್ನೂ ಕೆಲಸಕ್ಕೆ ಇಳಿದಿಲ್ಲ, ಇಲ್ಲವೇ ಇಳಿಯುವುದೇ ಇಲ್ಲ. ಹಸಿರಿಗೋ ಕಂದಿಗೋ ತಿರುಗಿದ್ದರೆ ಅದರ ಕೆಲಸ ಮುಗಿದಿದೆ. ಆ ಕೆಂಪು ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗಕ್ಕೇ ಸೇರಿದ ಒಂದು ವಸ್ತುವಿನದು. ಗಂಟಿನೊಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ, ಅತ್ತ ಆಮ್ಲಜನಕವೇ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಸಿರಾಡಲಾರದು. ಎಷ್ಟು ಬೇಕೋ ಅಷ್ಟನ್ನು ಮಾತ್ರ ಹಿಡಿದು ಒದಗಿಸುವುದು ಈ ಕೆಂಪಿನ ಕೆಲಸ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬೇರಿನಲ್ಲಿ ಕಾಣುವ ಗಂಟೆಲ್ಲ ಒಳ್ಳೆಯದಲ್ಲ. ಬೆರಳಿನಿಂದ ತಳ್ಳಿದರೆ ಸುಲಭವಾಗಿ ಉದುರುವುದು ರೈಜೋಬಿಯಂ ಗಂಟು; ಬೇರೇ ಊದಿಕೊಂಡು, ಕಿತ್ತರೂ ಬಾರದೆ ನಿಂತಿದ್ದರೆ ಅದು ಜಂತುಹುಳು ತಂದ ರೋಗ.

ರೈಜೋಬಿಯಂ ಗಂಟನ್ನು ಪ್ರಕೃತಿ ಪುಕ್ಕಟೆಯಾಗಿ ಕೊಟ್ಟ ಗೊಬ್ಬರದ ಕಾರ್ಖಾನೆ ಎಂದು ವರ್ಣಿಸುವುದು ರೂಢಿ. ಇವತ್ತಿನ ನನ್ನ ಮಾತೆಲ್ಲ ಆ 'ಪುಕ್ಕಟೆ' ಅನ್ನುವುದರ ಮೇಲಿನ ತಕರಾರು. ಗಿಡ ಈ ಸಾರಜನಕಕ್ಕೆ ಕೂಲಿ ಕೊಡುತ್ತದೆ, ಅದೂ ಎಣಿಸಿ ಕೊಡುತ್ತದೆ, ಬೇಡವಾದ ದಿನ ನಿಲ್ಲಿಸಿಬಿಡುತ್ತದೆ. ನಮ್ಮ ಬೇಸಾಯದ ಎಷ್ಟೋ ಪದ್ಧತಿಗಳು ಮಣ್ಣಿನ ಜೀವಿಗಳನ್ನು ಬೆಳೆಸುತ್ತವೆಯೋ ಕೆಡಿಸುತ್ತವೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಕೂಲಿಯ ಲೆಕ್ಕದಲ್ಲಿ. ಸಾರಜನಕದ ಒಂದು ಅಣುವನ್ನು ಒಡೆಯಲು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳು ಖರ್ಚಾಗುತ್ತವೆ. ಅದಕ್ಕೆಲ್ಲ ಸಕ್ಕರೆ ಬರಬೇಕಾದದ್ದು ಎಲೆಯಿಂದ. ಬೇರಿನೊಳಗೆ ವಾಸಿಸುವ ಮೈಕೊರೈಜಾ ಎಂಬ ಶಿಲೀಂಧ್ರಗಳಿಗೂ ಹೀಗೆಯೇ: ಎಲೆ ತಯಾರಿಸಿದ ಇಂಗಾಲದಲ್ಲಿ ಶೇ. 4ರಿಂದ 20ರವರೆಗೆ ಅವಕ್ಕೆ ಸಲ್ಲುತ್ತದೆಂದು ಅಳತೆಗಳು ತೋರಿಸಿವೆ. ಕಾಳು ಕಟ್ಟಲು ಬಳಸಬಹುದಾಗಿದ್ದ ಸಕ್ಕರೆಯ ಐದನೇ ಒಂದು ಪಾಲಿನವರೆಗೆ ನೆಲದೊಳಗಿನ ಜೀವಿಗೆ ಬಿಟ್ಟುಕೊಡುವ ಗಿಡ, ಪ್ರತಿಫಲ ನೋಡದೆ ಕೊಡುತ್ತದೆಂದು ನಂಬುವುದು ಕಷ್ಟ.

ನಂಬಬೇಕಾಗಿಯೂ ಇಲ್ಲ, ಪ್ರಯೋಗವೇ ಇದೆ. ದ್ವಿದಳ ಬೆಳೆ ಗಾಳಿಯ ಸಾರಜನಕವನ್ನು ಬಳಸುತ್ತದೆಂದು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಸ್ನೇಹವೆಂದೇ ಪಾಠ ಮಾಡಲಾಯಿತು. 2003ರಲ್ಲಿ ಟೋಬಿ ಕೀರ್ಸ್, ಫೋರ್ಡ್ ಡೆನಿಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಚುರುಕಾದ ಪರೀಕ್ಷೆ ಮಾಡಿದರು. ಸೋಯಾ ಗಿಡದ ಕೆಲವು ಗಂಟುಗಳ ಸುತ್ತ ಮಾಮೂಲಿ ಗಾಳಿ ಬಿಟ್ಟರು. ಇನ್ನು ಕೆಲವಕ್ಕೆ ಸಾರಜನಕದ ಬದಲು ಆರ್ಗಾನ್ ತುಂಬಿದ ಗಾಳಿ ಕೊಟ್ಟರು. ಅಲ್ಲಿನ ಬ್ಯಾಕ್ಟೀರಿಯಾ ಮೈಗಳ್ಳತನದಿಂದಲ್ಲ, ಕಚ್ಚಾ ಸಾಮಗ್ರಿಯೇ ಇಲ್ಲದೆ ಕೈಕಟ್ಟಿ ಕೂರಬೇಕಾಯಿತು. ಗಿಡ ಆ ವ್ಯತ್ಯಾಸವನ್ನು ವಿಚಾರಿಸಲಿಲ್ಲ. ಸಾರಜನಕ ಬರದ ಗಂಟುಗಳಿಗೆ ಹೋಗುವ ಆಮ್ಲಜನಕವನ್ನು ಬಿಗಿ ಮಾಡಿತು. ಅವುಗಳಲ್ಲಿನ ಬ್ಯಾಕ್ಟೀರಿಯಾ ಸಂತತಿ ಉಳಿದವುಗಳ ಸುಮಾರು ಅರ್ಧಕ್ಕೆ ಇಳಿಯಿತು. 2011ರಲ್ಲಿ ಕೀರ್ಸ್ ಅವರ ತಂಡವೇ ಮೈಕೊರೈಜಾದಲ್ಲೂ ಇಂಥದೇ ವ್ಯವಹಾರ ಕಂಡಿತು. ಹೆಚ್ಚು ರಂಜಕ ತಂದ ಶಿಲೀಂಧ್ರಕ್ಕೆ ಗಿಡ ಹೆಚ್ಚು ಸಕ್ಕರೆ ಕೊಟ್ಟಿತು, ಹೆಚ್ಚು ಸಕ್ಕರೆ ಕೊಟ್ಟ ಬೇರಿಗೆ ಶಿಲೀಂಧ್ರ ಹೆಚ್ಚು ರಂಜಕ ಕೊಟ್ಟಿತು.

ಇದನ್ನು ಹೊಲಕ್ಕೆ ತನ್ನಿ. ಕಡಲೆಕಾಯಿಯ ಸಾಲಿಗೆ ಯೂರಿಯಾ ಬಿದ್ದಾಗ ಬೇರಿಗೆ ಸಾರಜನಕ ಸಿದ್ಧವಾಗಿ ಸಿಗುತ್ತದೆ, ಗಂಟು ಕಟ್ಟುವ ಖರ್ಚು ದಂಡವೆನಿಸುತ್ತದೆ. ಹೊಸ ಗಂಟುಗಳು ಕಡಿಮೆಯಾಗುತ್ತವೆ, ಇದ್ದವು ಬೇಗ ಮುದಿಯಾಗುತ್ತವೆ. ಯೂರಿಯಾ ಬ್ಯಾಕ್ಟೀರಿಯಾವನ್ನು ಕೊಂದಿತೆಂದು ದೂರುವವರಿದ್ದಾರೆ. ಮುಖ್ಯವಾಗಿ ನಡೆಯುವುದು ಅದಲ್ಲ, ಗಿಡವೇ ಕೂಲಿ ನಿಲ್ಲಿಸುತ್ತದೆ. ರಂಜಕದ ಕಥೆಯೂ ಇದೇ. ರಂಜಕ ಮಣ್ಣಿನಲ್ಲಿ ಹೆಚ್ಚು ದೂರ ಸರಿಯುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿರುವುದನ್ನು ಹೀರಿಕೊಂಡ ಮೇಲೆ ಅಲ್ಲಿ ಬರ. ಮೈಕೊರೈಜಾದ ಎಳೆಗಳು ಬೇರಿನ ರೋಮಕ್ಕಿಂತ ಸಪೂರ, ಆ ಬರದ ವಲಯವನ್ನು ದಾಟಿ ಸೆಂಟಿಮೀಟರುಗಟ್ಟಲೆ ಹೋಗಿ ರಂಜಕ ತರುತ್ತವೆ. ರಂಜಕದ ಹಸಿವಿರುವ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಟ್ಟು ಈ ಶಿಲೀಂಧ್ರವನ್ನು ಕರೆಯುತ್ತದೆಂದು ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು 2005ರಲ್ಲಿ ಪತ್ತೆ ಮಾಡಿದರು. ಹಾಗೆ ಕರೆದದ್ದು ಶತ್ರುವಿಗೂ ಕೇಳಿಸುತ್ತದೆ ಎನ್ನುವುದು ಇದರ ಸ್ವಾರಸ್ಯ. ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಕಳೆಯ ಬೀಜ ಮೊಳೆಯುವುದೂ ಅದೇ ರಾಸಾಯನಿಕದ ಸುಳಿವು ಸಿಕ್ಕಾಗ. ಆ ಹೆಸರು ಬಂದದ್ದೇ ಹಾಗೆ. ಹೊಟ್ಟೆ ತುಂಬ ರಂಜಕ ಸಿಕ್ಕ ಬೆಳೆ ಕರೆಯುವುದನ್ನು ಕಡಿಮೆ ಮಾಡುತ್ತದೆ. ಕೋಸು, ಸಾಸಿವೆಯ ಕುಟುಂಬದ ಗಿಡಗಳಿಗೆ ಈ ಶಿಲೀಂಧ್ರದ ಸಂಬಂಧವೇ ಇಲ್ಲ, ಹೀಗಾಗಿ ಕೋಸು ಕಿತ್ತ ಹೊಲದಲ್ಲಿ ಮುಂದಿನ ಬೆಳೆಗೆ ಶಿಲೀಂಧ್ರ ವಿರಳ. ರಾಗಿ, ಜೋಳ, ತೊಗರಿ, ಈರುಳ್ಳಿ, ಮೆಣಸಿನಕಾಯಿಗಳಿಗೆ ಮಾತ್ರ ಗಾಢ ಸಂಬಂಧವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ನಡೆಸಿದ ಕೆಲಸ ದೇಶದಾಚೆಗೂ ಹೆಸರಾಗಿದೆ.

ಈಗ ಅಂಗಡಿಯ ಪ್ಯಾಕೆಟ್ಟಿಗೆ ಬರೋಣ. ಜೈವಿಕ ಗೊಬ್ಬರದ ಪ್ಯಾಕೆಟ್ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ನೋಬೆ ಮತ್ತು ಹಿಲ್ಟ್‌ನರ್ 1896ರಲ್ಲೇ ರೈಜೋಬಿಯಂ ಮಾರಲು ಪೇಟೆಂಟ್ ಪಡೆದಿದ್ದರು. ನಮ್ಮ ದೇಶದ ಕಾನೂನಿನಂತೆ ಪುಡಿರೂಪದ ಇಂಥ ಗೊಬ್ಬರದ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. 200 ಗ್ರಾಂ ಪ್ಯಾಕೆಟ್ಟಿನಲ್ಲಿ ಸಾವಿರ ಕೋಟಿಯಾಯಿತು. ಕೇಳಲು ಭಾರಿ ಸಂಖ್ಯೆ. ಆದರೆ ಒಂದು ಎಕರೆಯ ಮೇಲ್ಪದರದ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಗ್ರಾಂಗೆ ಹತ್ತು ಕೋಟಿ ಬ್ಯಾಕ್ಟೀರಿಯಾ ಎಂದು ಸಾಧಾರಣ ಲೆಕ್ಕ ಹಿಡಿದರೂ, ಅಲ್ಲಿ ಈಗಾಗಲೇ ಇರುವ ತೊಂಬತ್ತು ಲಕ್ಷಕ್ಕೆ ನಾವು ಪ್ಯಾಕೆಟ್ಟಿನಿಂದ ಸೇರಿಸಿದ್ದು ಒಂದು. ಇದ್ದವು ಹೊಸದಕ್ಕೆ ಜಾಗ ಬಿಟ್ಟುಕೊಡುತ್ತವೆಯೇ? ಬಹಳ ಸಲ ಬಿಡುವುದಿಲ್ಲ. ಹೊಲದ ತುಂಬ ಎರಚಿದ್ದು ವ್ಯರ್ಥವಾಗಿ, ಬೀಜಕ್ಕೆ ಅಂಟಿಸಿದ್ದು ಕೆಲಸ ಮಾಡುವುದು ಈ ಕಾರಣಕ್ಕೆ. ಗಂಜಿಯಲ್ಲೋ ಬೆಲ್ಲದ ನೀರಿನಲ್ಲೋ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಆಗಲೇ ಬಿತ್ತಿದರೆ, ಮೊಳಕೆಯ ಬೇರು ಹೊರಬರುವ ಜಾಗದಲ್ಲೇ ಹೊಸ ಬ್ಯಾಕ್ಟೀರಿಯಾ ಕಾದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ವಾರಗಟ್ಟಲೆ ಇದ್ದ ಪ್ಯಾಕೆಟ್ ಆದರೆ ಲೇಪಿಸಿಯೂ ಸುಖವಿಲ್ಲ.

ಹಾಗೆಂದು ಪ್ಯಾಕೆಟ್ಟೆಲ್ಲ ಮೋಸ ಎಂದರೆ ಅದು ಅಷ್ಟೇ ದೊಡ್ಡ ತಪ್ಪು. ಬ್ರೆಜಿಲ್ ದೇಶವನ್ನು ನೋಡಿ. ಸೋಯಾ ಅಲ್ಲಿನ ಬೆಳೆಯಲ್ಲ, ಅದಕ್ಕೆ ಒಗ್ಗುವ ಬ್ಯಾಕ್ಟೀರಿಯಾವೂ ಅಲ್ಲಿನ ಮಣ್ಣಿನಲ್ಲಿರಲಿಲ್ಲ. ಯೊಹಾನ್ನಾ ಡೋಬರೈನರ್ ಎಂಬ ವಿಜ್ಞಾನಿ, ಸಾರಜನಕದ ಗೊಬ್ಬರ ಸುರಿದು ತಳಿ ಆರಿಸಬೇಡಿ, ಬ್ಯಾಕ್ಟೀರಿಯಾದ ಜೊತೆ ಚೆನ್ನಾಗಿ ಬಾಳುವ ತಳಿಯನ್ನೇ ಆರಿಸಿ ಎಂದು ಪಟ್ಟುಹಿಡಿದರು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ಆ ದೇಶ, ಆ ಬೆಳೆಗೆ ಸಾರಜನಕದ ಗೊಬ್ಬರವನ್ನು ಹಾಕುವುದಿಲ್ಲವೆಂದೇ ಹೇಳಬೇಕು. ಹೆಕ್ಟೇರಿಗೆ 3 ಟನ್ ಸೋಯಾ ಕಾಳಿನ ಜೊತೆ ಹೊಲದಿಂದ ಹೊರಹೋಗುವ ಸಾರಜನಕ 180 ಕಿಲೋ ಆಸುಪಾಸು. ಅದರ ಬಹುಪಾಲು ಗಂಟುಗಳದೇ ದುಡಿಮೆ. ಅದೇ ಹಾದಿಯಲ್ಲಿ ನಡೆದ ಅಲ್ಲಿನ ವಿಜ್ಞಾನಿ ಮಾರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನಮ್ಮ ಬೀದರ್, ಬೆಳಗಾವಿ, ಧಾರವಾಡಗಳಿಗೂ ಸೋಯಾ ಹೊರಗಿನಿಂದ ಬಂದದ್ದೇ. ಮೊದಲ ಸಲ ಸೋಯಾ ಬಿತ್ತುವ ಹೊಲಕ್ಕೆ ಅದರದೇ ಬ್ಯಾಕ್ಟೀರಿಯಾದ ಲೇಪನ ಬೇಕೇ ಬೇಕು. ತೊಗರಿ, ಅಲಸಂದೆ, ಕಡಲೆಕಾಯಿಗಳ ವಿಷಯ ಬೇರೆ. ಇವಕ್ಕೆ ಒಗ್ಗುವ ಬ್ಯಾಕ್ಟೀರಿಯಾ ತಲೆತಲಾಂತರದಿಂದ ಇವನ್ನು ಬೆಳೆದ ಮಣ್ಣಿನಲ್ಲಿ ನೆಲೆಸಿರುತ್ತದೆ. ಅಲ್ಲಿ ಪ್ಯಾಕೆಟ್ಟಿನ ಫಲ ಒಂದು ಹೊಲದಲ್ಲಿ ಕಂಡು ಪಕ್ಕದ ಹೊಲದಲ್ಲಿ ಕಾಣದೆ ಹೋದರೆ ಆಶ್ಚರ್ಯವಿಲ್ಲ.

ಜೀವಾಮೃತದ ಮಾತು ಎತ್ತದೆ ಈ ವಿಷಯ ಮುಗಿಯದು. ಎತ್ತಿದರೆ ಅದನ್ನು ನಂಬುವವರಿಗೂ ಜರೆಯುವವರಿಗೂ ಸಿಟ್ಟು ಬರುತ್ತದೆ, ಬರಲಿ. ಅದರ ಪಾಕ ಇದು: ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದರಲ್ಲಿರುವ ಸಾರಜನಕವನ್ನು ಉದಾರವಾಗಿ ಎಣಿಸಿದರೂ ಕಾಲು ಕಿಲೋ ದಾಟುವುದಿಲ್ಲ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಬಂದರೆ, ನೂರಕ್ಕೆ ಏಳು ಪಾಲು ಪ್ರೋಟೀನು ಇರುವ ಆ ಕಾಳಿನಲ್ಲೇ 11 ಕಿಲೋ ಸಾರಜನಕ ಹೊರಹೋಗುತ್ತದೆ, ಹುಲ್ಲಿನದು ಬೇರೆ. ಆದ್ದರಿಂದ ಜೀವಾಮೃತ ಬೆಳೆಗೆ ಉಣ್ಣಿಸುತ್ತದೆ ಎನ್ನಲಾಗದು. ಅದು ಹೆಪ್ಪು ಮಾತ್ರ, ಉಣಿಸಲ್ಲ ಎಂದು ಅದರ ಪ್ರತಿಪಾದಕರೂ ಹೇಳುತ್ತಾರೆ. ಸರಿ, ಹಾಗಿದ್ದರೆ ಗೆಯ್ಮೆ ಮಾಡುವ ಜೀವಿಗಳಿಗೆ ಇಂಗಾಲ ಎಲ್ಲಿಂದ ಬರಬೇಕು? ಎರಡು ಕಿಲೋ ಬೆಲ್ಲ ಮಣ್ಣಿಗೆ ಒಂದೆರಡು ದಿನದ ಊಟ. ಜೀವಾಮೃತದಿಂದ ಮಣ್ಣು ಬದಲಾಯಿತೆಂದು ಹೇಳುವ ಹೊಲಗಳಿಗೆ ಹೋಗಿ ನೋಡಿದರೆ, ಅಲ್ಲಿ ಸಾಮಾನ್ಯವಾಗಿ ಮುಚ್ಚಿಗೆಯೂ ಇರುತ್ತದೆ, ದ್ವಿದಳದ ಸಾಲೂ ಇರುತ್ತದೆ, ಮರದ ಸೊಪ್ಪೂ ಬಿದ್ದಿರುತ್ತದೆ. ಹೆಚ್ಚಿನ ಕೆಲಸ ಅವುಗಳದು, ಹೆಸರು ಜೀವಾಮೃತದ ಡ್ರಮ್ಮಿಗೆ ಎಂಬುದು ನನ್ನ ಅಭಿಪ್ರಾಯ.

ರಾಸಾಯನಿಕ ಗೊಬ್ಬರವೇ ಸಾಕು ಎನ್ನುವ ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಗಟ್ಟಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಿಂದ ಅಲ್ಲಿ ಗೋಧಿಯ ಪ್ರಯೋಗ ನಡೆಯುತ್ತಿದೆ. ಒಂದು ತಾಕಿಗೆ ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ, ಇನ್ನು ಕೆಲವಕ್ಕೆ ಬರೀ ರಾಸಾಯನಿಕ ಗೊಬ್ಬರ. ನೂರು ವರ್ಷ ಕಳೆದ ಮೇಲೂ ಎರಡರ ಇಳುವರಿ ಸರಿಸುಮಾರು ಸಮವಾಗಿಯೇ ಇತ್ತು. 'ರಾಸಾಯನಿಕ ಹಾಕಿದರೆ ಮಣ್ಣು ಸತ್ತೇಹೋಗುತ್ತದೆ' ಎನ್ನುವವರು ಈ ಹೊಲಕ್ಕೆ ಉತ್ತರ ಕೊಡಬೇಕು. ನನ್ನ ಉತ್ತರ ಇಷ್ಟು. ಅದು ತಂಪು ದೇಶದ ಜೇಡಿ ಮಣ್ಣು. ಇಂಗಾಲ ಅಲ್ಲಿ ನಿಧಾನವಾಗಿ ಕರಗುತ್ತದೆ, ವರ್ಷದ ಬಹುಪಾಲು ಹಸಿ ಇರುತ್ತದೆ, ಗೋಧಿಯ ಬೇರು ಮತ್ತು ಕೂಳೆಯೇ ಜೀವಿಗಳಿಗೆ ಸಾಕಾಗುವಷ್ಟು ಉಣಿಸು ಕೊಡುತ್ತವೆ. ಕೋಲಾರ, ತುಮಕೂರುಗಳ ಮರಳು ಬೆರೆತ ಕೆಮ್ಮಣ್ಣು ಹಾಗಲ್ಲ. ಡಿಸೆಂಬರಿನಿಂದ ಮೇವರೆಗೆ ಬೋಳಾಗಿ ಕಾಯುವ ಈ ನೆಲದಲ್ಲಿ ಅನೇಕ ಕಡೆ ಸಾವಯವ ಇಂಗಾಲ ಶೇ. ಅರ್ಧಕ್ಕಿಂತ ಕಡಿಮೆ. ಇಲ್ಲಿನದೇ ಪುರಾವೆ ಬೇಕೆಂದರೆ, ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ನಡೆದ ಮಳೆಯಾಶ್ರಿತ ರಾಗಿಯ ಪ್ರಯೋಗವಿದೆ. ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳು ಮೊದಮೊದಲು ಚೆನ್ನಾಗಿಯೇ ಕೊಟ್ಟು ವರ್ಷಗಳುರುಳಿದಂತೆ ಜಾರಿದವು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನಷ್ಟು ರಾಸಾಯನಿಕ ಗೊಬ್ಬರವನ್ನೂ ಹಾಕಿದ ತಾಕು ಇಳುವರಿಯಲ್ಲೂ ಸ್ಥಿರತೆಯಲ್ಲೂ ಮುಂದಿತ್ತು. ಗಮನಿಸಿ, ಬರೀ ಕೊಟ್ಟಿಗೆ ಗೊಬ್ಬರದ ತಾಕು ಅದಕ್ಕಿಂತ ಹಿಂದೆಯೇ ಇತ್ತು.

ಮಣ್ಣಿನ ಜೀವಿಗಳನ್ನು ಮಾತ್ರ ನೆಚ್ಚಿದರೆ ಸಾಲದು ಎನ್ನುವುದಕ್ಕೆ ಕಾರಣವಿದೆ. ಸಾರಜನಕ ಗಾಳಿಯಲ್ಲಿದೆ, ಜೀವಿಗಳು ಅದನ್ನು ಹೊಸದಾಗಿ ತರಬಲ್ಲವು. ರಂಜಕವೂ ಪೊಟ್ಯಾಷೂ ಗಾಳಿಯಲ್ಲಿಲ್ಲ. ಮೈಕೊರೈಜಾ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇವೆಲ್ಲ ಮಣ್ಣಿನಲ್ಲಿ ಸಿಕ್ಕಿಕೊಂಡಿರುವುದನ್ನು ಬಿಡಿಸಿ ಕೊಡುತ್ತವೆಯೇ ಹೊರತು ಸೃಷ್ಟಿಸುವುದಿಲ್ಲ. ವರ್ಷವರ್ಷವೂ ಕಾಳು ಮಾರುತ್ತ ಹೋದರೆ ಕೂಡಿಟ್ಟದ್ದು ಒಂದು ದಿನ ಬರಿದಾಗಲೇಬೇಕು. ವರ್ಷಾನುಗಟ್ಟಲೆ ರಂಜಕ ತುಂಬಿದ ಡಿಎಪಿ ಗೊಬ್ಬರ ಬಿದ್ದ ಹೊಲದಲ್ಲಿ ಆ ದಿನ ದೂರವಿರಬಹುದು, ಅಂಥಲ್ಲಿ ರಂಜಕ ತಗ್ಗಿಸಿ ಶಿಲೀಂಧ್ರಕ್ಕೆ ಕೆಲಸ ಕೊಡುವುದು ಜಾಣತನ. ಗೊಬ್ಬರವನ್ನೇ ಕಾಣದ ಬಡ ಹೊಲದಲ್ಲಿ ಅದೇ ಸಲಹೆ ಅನ್ಯಾಯ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ವರ್ಷ ಮುಗಿಯುವುದರೊಳಗೆ ಆ ನಿರ್ಧಾರದಿಂದ ಹಿಂದೆ ಸರಿಯಿತು; ಆದರೂ ಭತ್ತದ ಇಳುವರಿ ಕುಸಿಯಿತು. ಸಿದ್ಧ ಉಣಿಸಿಗೆ ಒಗ್ಗಿದ ಬೆಳೆ, ಇಂಗಾಲವಿಲ್ಲದ ಮಣ್ಣು, ಗೊಬ್ಬರ ಮಾಡಲು ಬೇಕಾದಷ್ಟು ಕಸಕಡ್ಡಿಯೂ ಇಲ್ಲದ ಊರು, ಇವು ಮೂರೂ ಸೇರಿದ ಕಡೆ ಒಂದು ಹಂಗಾಮಿನಲ್ಲಿ ಮಣ್ಣಿನ ಜೀವಿಗಳು ಪವಾಡ ಮಾಡಲಾರವು.

ಹಾಗಾದರೆ ರೈತ ಮಾಡಬೇಕಾದ್ದು ಏನು? ಕೂಲಿ ಕೊಡುವುದು ಬೇರು. ಆದ್ದರಿಂದ ಜೀವಂತ ಬೇರು ವರ್ಷದಲ್ಲಿ ಎಷ್ಟು ತಿಂಗಳು ನೆಲದಲ್ಲಿದೆ ಎಂಬುದೇ ಮೊದಲ ಲೆಕ್ಕ. ರಾಗಿ ಹೊಲದ ಅಕ್ಕಡಿ ಸಾಲು ಈ ಲೆಕ್ಕವನ್ನು ಹೆಸರಿಡದೆ ಮಾಡಿಕೊಂಡಿತ್ತು. ತೊಗರಿ, ಅವರೆ, ಹುಚ್ಚೆಳ್ಳು, ಹರಳು ರಾಗಿಯ ನಡುವೆ ನಿಲ್ಲುತ್ತಿದ್ದವು. ರಾಗಿ ಕೊಯ್ದ ಮೇಲೂ ತೊಗರಿ, ಅವರೆ ಹಸಿರಾಗಿಯೇ ಇದ್ದು, ಬೇರಿನ ಜೀವಿಗಳಿಗೆ ಇನ್ನೊಂದೆರಡು ತಿಂಗಳು ಉಣಿಸು ಸಿಗುತ್ತಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮತ್ತು ಬೆಂಗಳೂರಿನ ವಿಜ್ಞಾನಿಗಳು ಸೇರಿ ನಡೆಸಿದ ಪ್ರಯೋಗಗಳಲ್ಲಿ, ಆಳಕ್ಕೆ ಇಳಿಯುವ ತೊಗರಿ ಬೇರು ಮೇಲಕ್ಕೆತ್ತಿದ ನೀರು ಶಿಲೀಂಧ್ರದ ಎಳೆಗಳ ನೆರವಿನಿಂದ ಪಕ್ಕದ ರಾಗಿಗೂ ಒದಗಬಹುದೆಂಬ ಸೂಚನೆ ಸಿಕ್ಕಿದೆ. ಅದನ್ನು ಹೊಲಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ, ಏಕೆಂದರೆ ಸಾಲುಗಳು ತೀರಾ ಒತ್ತಾದರೆ ಇವೇ ಬೆಳೆಗಳು ನೀರಿಗಾಗಿ ಜಗಳವಾಡುತ್ತವೆ. ಮುಂಗಾರಿಗೆ ಮೊದಲಿನ ಹದ ಮಳೆಗೆ ಅಲಸಂದೆಯನ್ನೋ ಸೆಣಬನ್ನೋ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪು ಕಡಿದು ಹಾಕುವುದು, ಪದೇ ಪದೇ ಉಳುವುದನ್ನು ಬಿಟ್ಟು ಶಿಲೀಂಧ್ರದ ಎಳೆ ತುಂಡಾಗದಂತೆ ನೋಡಿಕೊಳ್ಳುವುದು ಇವೆಲ್ಲ ಹೊಸ ಮಾತುಗಳಲ್ಲ. ಇವನ್ನು ಬಿಟ್ಟದ್ದಕ್ಕೆ ರೈತನ ಅಜ್ಞಾನವೇ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಕ್ಕಡಿ ಇದ್ದ ಹೊಲಕ್ಕೆ ಕಟಾವು ಯಂತ್ರ ಇಳಿಯದು, ಕೈಯಲ್ಲಿ ಕೊಯ್ಯಲು ಆಳು ಸಿಗರು. ಹದ ಮಳೆ ಒಂದೇ ಬಂದ ವರ್ಷ ಹಸಿರೆಲೆ ಬೆಳೆ ರಾಗಿಯ ಪಾಲಿನ ಹಸಿಯನ್ನು ಕುಡಿದುಬಿಡುತ್ತದೆ. ರಾಗಿ ಹುಲ್ಲು ಹಸುವಿಗೆ ಬೇಕು, ಮಣ್ಣಿಗೆ ಮುಚ್ಚಿಗೆ ಹಾಕೆಂದರೆ ಹಾಲಿನ ದುಡ್ಡು ಯಾರು ಕೊಡುತ್ತಾರೆ? ಹಸು ತಿಂದ ಹುಲ್ಲು ಸಗಣಿಯಾಗಿ ಅದೇ ಹೊಲಕ್ಕೆ ಮರಳಿದರೆ ಚಿಂತೆಯಿಲ್ಲ. ಬಯಲುಸೀಮೆಯ ತಿಪ್ಪೆ ಲಾರಿ ಹತ್ತಿ ದೂರದ ತೋಟಗಳಿಗೆ ಹೋದಾಗ ಮಾತ್ರ ರಾಗಿ ಹೊಲದ ಇಂಗಾಲವೂ ರಂಜಕವೂ ಜೊತೆಗೆ ಹೊರಟವೆಂದೇ ತಿಳಿಯಬೇಕು.

ಕೊನೆಗೆ ದುಡ್ಡಿನ ವಿಷಯ. 45 ಕಿಲೋ ಯೂರಿಯಾ ಚೀಲ ರೈತನಿಗೆ 266 ರೂಪಾಯಿ 50 ಪೈಸೆಗೆ ಸಿಗುತ್ತದೆ. ಅದರಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚು ಸಾರಜನಕವಿದೆ. ಅದನ್ನು ತಯಾರಿಸಲೋ ಆಮದು ಮಾಡಲೋ ತಗಲುವ ಉಳಿದ ಖರ್ಚನ್ನು ಸರ್ಕಾರ ತುಂಬುತ್ತದೆ. ಈ ಬೆಲೆಗೆ ಸಿಗುವಾಗ, ಎರಡು ಮೂರು ವರ್ಷ ಕಾದು ಮಣ್ಣಿನ ಇಂಗಾಲ ಏರಿಸುವ ರೈತ ಲೆಕ್ಕ ಬಾರದವನಂತೆ ಕಾಣುತ್ತಾನೆ. ಅವನು ಅಕ್ಕಡಿ ತೊಗರಿ ಹಾಕಿ ಒಂದು ಚೀಲ ಯೂರಿಯಾ ಉಳಿಸಿದರೆ, ಆ ಚೀಲದ ಮೇಲಿನ ಸಹಾಯಧನ ಖಜಾನೆಯಲ್ಲಿ ಉಳಿಯುತ್ತದೆ, ಅವನ ಕೈಗೆ ಬರುವುದಿಲ್ಲ. ಉಳಿಸಿದ ಚೀಲದ ಸಹಾಯಧನದಲ್ಲಿ ಅರ್ಧವನ್ನಾದರೂ ಅವನ ಖಾತೆಗೆ ಹಾಕುವ ವ್ಯವಸ್ಥೆ ಬಂದರೆ, ಬದಲಾವಣೆಯ ಆ ಎರಡು ಮೂರು ವರ್ಷಗಳ ಇಳುವರಿ ನಷ್ಟವನ್ನು ಅವನೊಬ್ಬನೇ ಹೊರಬೇಕಾಗುವುದಿಲ್ಲ. ಎಷ್ಟು ಉಳಿಸಿದ ಎಂದು ಅಳೆಯುವುದು ತೊಡಕಿನ ಕೆಲಸ, ನಿಜ. ಆದರೆ ಯಾವ ರೈತ ಎಷ್ಟು ಚೀಲ ಕೊಂಡ ಎಂಬುದು ಈಗಾಗಲೇ ಗೊಬ್ಬರದ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟಿನ ಗುರುತಿನೊಂದಿಗೆ ದಾಖಲಾಗುತ್ತಿದೆ.